ಸಾಗವಾನಿ ನೆಲದ ಹಲಗೆ: ಗಟ್ಟಿತನ ನೋಡೋದು ಹೆಂಗ್ರಿ?

ಪ್ರಶ್ನೆ:
ಬೆಳಗಾವಿಯ ಮನೆ, ಮಹಡಿ ಮೇಲಿನ ಹಾಲ್. 18 ಮಿ.ಮೀ. ಸಾಗವಾನಿ ಹಲಗೆ ಹಾಕ್ಸೋದೈತಿ. ಕೊಳ್ಳೋ ಮೊದಲು ಗಟ್ಟಿತನ, ಬಾಳಿಕೆ ಪರೀಕ್ಷೆ ಮಾಡೋದು ಹೆಂಗ್ರಿ?

ಉತ್ತರ 1:
ಲ್ಯಾಬಿನ್ಯಾಗ ಮಾಡೋದು ಜಾಂಕಾ ಪರೀಕ್ಷೆ. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಅರ್ಧ ಒಳಗ ಇಳಿಯೋ ತನಕ ಒತ್ತತಾರ, ಅದಕ್ಕ ಬೇಕಾದ ಬಲನೇ ಅಂಕಿ. ಹೋಲಿಕೆಗೆ ಹಿಡಿಯೋ ಅಮೆರಿಕದ ಕೆಂಪು ಓಕ್ ಕಟ್ಟಿಗಿಗೆ 1290 ಪೌಂಡ್ ಬಲ ಬೇಕು. ಸಾಗವಾನಿ ಅದಕ್ಕಿಂತ ತುಸು ಮೆತ್ತಗ. ಅಂಗಡಿ ತುಂಡುಗಳನ್ನ ಹೋಲಿಸಾಕ ಒಂದೇ ಉಕ್ಕಿನ ಗುಂಡನ್ನ 1 ಮೀಟರ್ ಎತ್ತರದಿಂದ ಬಿಡ್ರಿ. ತುಂಡು ಕಲ್ಲಿನ ನೆಲದ ಮ್ಯಾಲೆ ಸಪಾಟಾಗಿ ಕುಂತಿರಬೇಕು, ಗಂಟಿನ ಮ್ಯಾಲೆ ಬೀಳಿಸಬ್ಯಾಡ್ರಿ. ಬ್ಯಾಟರಿ ಬೆಳಕು ಬದಿಯಿಂದ ಬಿಟ್ರ ತಗ್ಗಿನ ಅಂಚು ಸ್ಪಷ್ಟ ಕಾಣತೈತಿ, ಅಗಲ ಅಳೀರಿ; ತಗ್ಗು ಸಣ್ಣದಿದ್ದಷ್ಟು ಕಟ್ಟಿಗಿ ಗಟ್ಟಿ.

ಉತ್ತರ 2:
ಗಟ್ಟಿತನಕ್ಕಿಂತ ತೇವಾಂಶ ಮುಖ್ಯ ರೀ. ಸಣ್ಣ ತುಂಡು ತೂಗಿ, 103 ಡಿಗ್ರಿ ಓವನ್‌ನಾಗ ತೂಕ ಇಳಿಯೋದು ನಿಲ್ಲೋ ತನಕ ಒಣಗಿಸ್ರಿ. 250 ಗ್ರಾಂ ಇದ್ದದ್ದು 220 ಆದ್ರ, ಕಡಿಮೆಯಾದ 30ನ್ನು 220ರಿಂದ ಭಾಗಿಸ್ರಿ: ತೇವಾಂಶ ಶೇ. 13.6. ಹಸಿ ಹಲಗೆ ಬ್ಯಾಸಿಗ್ಯಾಗ ಕುಗ್ಗಿ ಸಂದು ಬಿಡತೈತಿ. ವಿಪರೀತ ಒಣಗಿದ್ದು ಬೆಳಗಾವಿ ಮಳೆಗಾಲದಾಗ ಉಬ್ಬಿ ಅಂಚು ಏಳತೈತಿ. ಗೋಡೆ ಸುತ್ತ 10–12 ಮಿ.ಮೀ. ಜಾಗ ಬಿಡಲೇಬೇಕು.

ಉತ್ತರ 3:
ಅಂಚಿನ ಬಿಳಿ ಕಟ್ಟಿಗಿ ಇದ್ದ ಹಲಗೆ ತಗೋಬ್ಯಾಡ್ರಿ, ಗೆದ್ದಲು ಮೊದಲು ಹಿಡಿಯೋದು ಅಲ್ಲೇ. ಸಾಗವಾನಿಯ ಎಣ್ಣೆಯಿಂದ ಪಾಲಿಶ್ ಸರಿಯಾಗಿ ಹಿಡಿಯದೇ ಇರಬಹುದು. ತುಂಡಿಗೆ ಹಚ್ಚಿ, ಪೂರ್ತಿ ಒಣಗಿದ ಮ್ಯಾಲೆ ಟೇಪ್ ಅಂಟಿಸಿ ಜಗ್ಗಿ ನೋಡ್ರಿ.