ಉರೊನಾರ್ತಿ ಕೋಟೆ ನೋಡೋಕೆ ಹೋಗಬಹುದಾ? ಆಗದಿದ್ದರೆ ಬದಲಿಗೆ ಏನು?

ಹಾರಂಗಿ_ದಡ (ಸೋಮವಾರಪೇಟೆ)
ಈಜಿಪ್ಟಿನ ಫೇರೋ ಮೂರನೇ ಸೆನುಸ್ರೆತ್ ನೈಲ್ ನದಿಯ ಎರಡನೇ ‘ಜಲಪಾತ’ದ (ಬಂಡೆಗಳ ನಡುವಿನ ರಭಸದ ಹರಿವು) ಹತ್ತಿರ ಕಟ್ಟಿಸಿದ ಕೋಟೆಗಳೆಲ್ಲ ಅಸ್ವಾನ್ ಅಣೆಕಟ್ಟಿನಲ್ಲಿ ಮುಳುಗಿದವು ಅಂತಲೇ ಬಹಳ ಕಾಲ ಎಲ್ಲರೂ ತಿಳಿದಿದ್ದರು. ಆದರೆ ಉರೊನಾರ್ತಿ ಮತ್ತು ಶಲ್ಫಾಕ್ ನೀರಿನಿಂದ ಮೇಲೇ ಉಳಿದಿವೆಯಂತೆ. ಉರೊನಾರ್ತಿ ನೋಡಬೇಕೆಂಬ ಆಸೆ. ತುಲಾ ಸಂಕ್ರಮಣ ಮುಗಿದ ಮೇಲೆ, ಅರೇಬಿಕಾ ಕಾಫಿ ಕೊಯ್ಲು ಜೋರಾಗುವ ಮೊದಲು ಹತ್ತು ದಿನ ಬಿಡುವು ಸಿಗುತ್ತೆ. ಸುಡಾನಿನ ಗಡಿಯೂರು ವಾದಿ ಹಾಲ್ಫಾ ತಲುಪಿ ಅಲ್ಲಿಂದ ದೋಣಿ ಮಾಡಿಕೊಂಡು ಹೋಗಬಹುದಾ? ಗೊತ್ತಿರುವವರು ಹೇಳಿ.

ಶಾಸನಪ್ರಿಯ (ಮಡಿಕೇರಿ)
ಸರ್, ಸದ್ಯಕ್ಕೆ ಆ ಯೋಚನೆ ಬಿಟ್ಟುಬಿಡಿ. ಉರೊನಾರ್ತಿ ಇರೋದು ಸುಡಾನಿನಲ್ಲಿ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದಾಗ ನಮ್ಮ ಸರ್ಕಾರ ‘ಆಪರೇಷನ್ ಕಾವೇರಿ’ ನಡೆಸಿ 3,800ಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ಕರೆತಂದಿತು. ಅವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು. ‘ಉತ್ತರದ ಕಡೆ ಗಲಾಟೆ ಕಡಿಮೆ, ಕರ್ಕೊಂಡು ಹೋಗ್ತೀವಿ’ ಅಂತ ಯಾರಾದರೂ ಹೇಳಿದರೆ ಮುಂಗಡ ಕೊಡಬೇಡಿ. ಅಲ್ಲಿ ಏನಾದರೂ ಆದರೆ ಆಸ್ಪತ್ರೆ ಬಹಳ ದೂರ, ವಿಮೆಯವರು ಯುದ್ಧದ ಜಾಗಕ್ಕೆ ಹಣ ಕೊಡುವುದಿಲ್ಲ. ಆ ಭಾಗದಲ್ಲಿ ಚಿನ್ನ ಅಗೆಯುವವರ ಓಡಾಟವೂ ಇದೆ. ಹಳೇ ನಿವೇಶನಗಳಿಗೆ ಈಗಿನ ದೊಡ್ಡ ಕಾಟ ಅದೇ.

ಅದೇ ಸಾಲಿನ, ಮುಳುಗಿಹೋದ ಸೆಮ್ನಾ, ಕುಮ್ಮಾ, ಬುಹೆನ್ ಕೋಟೆಗಳೊಳಗಿನ ಕಲ್ಲಿನ ಗುಡಿಗಳನ್ನು 1960ರ ದಶಕದಲ್ಲಿ ಬಿಚ್ಚಿ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಂಗಳಕ್ಕೆ ಸಾಗಿಸಿದ್ದರು. ಈ ಯುದ್ಧದಲ್ಲಿ ಆ ವಸ್ತುಸಂಗ್ರಹಾಲಯವೂ ಲೂಟಿಯಾಯಿತು. ನೆನೆದರೆ ಹೊಟ್ಟೆ ಉರಿಯುತ್ತೆ.

ನೀಲನದಿ_78
ಈಜಿಪ್ಟ್ ಕಡೆಯಿಂದ ಹೋಗಿ. ಅಸ್ವಾನಿನಿಂದ ಅಬು ಸಿಂಬೆಲ್‌ವರೆಗೆ ಅಣೆಕಟ್ಟಿನ ಹಿನ್ನೀರಾದ ನಾಸರ್ ಸರೋವರದಲ್ಲಿ ಮೂರು-ನಾಲ್ಕು ರಾತ್ರಿಯ ಹಡಗು ಪ್ರಯಾಣ ಇದೆ, ದಾರಿಯಲ್ಲಿ ಕಸ್ರ್ ಇಬ್ರಿಮ್ ಸಿಗುತ್ತೆ. ಮೊದಲು ನದಿಯಿಂದ ಸುಮಾರು 70 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿದ್ದ ಕೋಟೆಯೂರು ಅದು, ಈಗ ನೀರು ಗೋಡೆಯ ಬುಡಕ್ಕೇ ಬಂದಿದೆ. ಈಜಿಪ್ಟಿನ ನುಬಿಯಾದಲ್ಲಿ (ಅಸ್ವಾನಿನ ದಕ್ಷಿಣಕ್ಕೆ ಸುಡಾನಿನವರೆಗೂ ಹಬ್ಬಿದ ನೈಲ್ ಸೀಮೆ) ಉಳಿದವುಗಳಲ್ಲಿ ಕೆಲವನ್ನು ಕಿತ್ತು ಬೇರೆಡೆ ಕಟ್ಟಿದರು, ಮಿಕ್ಕವು ಮುಳುಗಿದವು, ಇದು ಮಾತ್ರ ಹುಟ್ಟಿದ ಜಾಗದಲ್ಲೇ ಇದೆ. ಇಳಿಯಲು ಬಿಡುವುದಿಲ್ಲ, ಹಡಗಿನ ಡೆಕ್ಕಿನಿಂದಲೇ ನೋಡಬೇಕು. 8x42 ಬೈನಾಕ್ಯುಲರ್ ಸಾಕು. ಅದಕ್ಕಿಂತ ಹೆಚ್ಚಿನದು ತಂದರೆ ಹಡಗಿನ ನಡುಕಕ್ಕೆ ಏನೂ ಕಾಣುವುದಿಲ್ಲ. ಅಲ್ಲಿಗೆ ತಲುಪುವ ಹೊತ್ತು ಯಾವುದು ಅಂತ ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ. ರಾತ್ರಿ ದಾಟಿಸಿಬಿಟ್ಟರೆ ದುಡ್ಡು ದಂಡ.

ರಸ್ತೆಯಲ್ಲಿ ಅಬು ಸಿಂಬೆಲ್‌ಗೆ ಹೋದರೆ ಮೂರೂವರೆ ಗಂಟೆ, ಖರ್ಚೂ ಕಡಿಮೆ. ಆದರೆ ಆ ದಾರಿಯಲ್ಲಿ ಇಬ್ರಿಮ್ ಕಾಣುವುದೇ ಇಲ್ಲ.

ಶಾಸನಪ್ರಿಯ (ಮಡಿಕೇರಿ)
ಇಬ್ರಿಮ್ ಚೆನ್ನಾಗಿದೆ, ಒಪ್ಪಿದೆ. ಆದರೆ ಹಾರಂಗಿಯವರು ಕೇಳಿದ ಕಾಲದ ಕೋಟೆ ಅದಲ್ಲ. 19ನೇ ಶತಮಾನದ ಆರಂಭದವರೆಗೂ ಅಲ್ಲಿ ಜನ ವಾಸವಿದ್ದರು, ಈಗ ಎದ್ದು ಕಾಣುವ ಕಲ್ಲುಗೋಡೆ ಚರ್ಚಿನದು. ಸೆನುಸ್ರೆತ್ ಕಾಲದ ಕೋಟೆ ಅಂದರೆ ಹಸಿ ಇಟ್ಟಿಗೆಯದು. ಅದನ್ನು ಅರ್ಥ ಮಾಡಿಕೊಳ್ಳಲು ಎಲ್-ಕಾಬ್‌ಗೆ ಹೋಗಿ. ಲಕ್ಸರ್‌ನಿಂದ ದಕ್ಷಿಣಕ್ಕೆ 80 ಕಿ.ಮೀ., ನದಿಯ ಪೂರ್ವ ದಂಡೆ. ಅದು ಕೋಟೆಯಲ್ಲ, ಪಟ್ಟಣದ ಪ್ರಾಕಾರ, ಕಾಲವೂ ಈಚಿನದು. ಆದರೆ 11–12 ಮೀಟರ್ ದಪ್ಪದ ಹಸಿ ಇಟ್ಟಿಗೆ ಗೋಡೆಯ ಪಕ್ಕ ನಿಂತಾಗ ಆಗುವ ಅಂದಾಜು ಯಾವ ಫೋಟೋದಲ್ಲೂ ಆಗುವುದಿಲ್ಲ.

ನುಬಿಯಾದ ಕೋಟೆಗಳ ಚಿತ್ರ ನೋಡುವಾಗ ಗೋಡೆಯಲ್ಲಿ ಸಾಲಾಗಿ ಇರುವ ತೂತುಗಳನ್ನು ಗಮನಿಸಿ. ಅಲ್ಲಿ ಮರದ ತೊಲೆ ಅಡ್ಡ ಮಲಗಿಸಿದ್ದರು. ಕೆಲವು ವರಸೆ ಇಟ್ಟಿಗೆಗೊಮ್ಮೆ ಹುಲ್ಲಿನ ಚಾಪೆಯನ್ನೂ ಹಾಸುತ್ತಿದ್ದರು. ಅಷ್ಟು ದಪ್ಪ ಮಣ್ಣಿನ ಗೋಡೆ ಹೊರಗಡೆ ಬೇಗ ಒಣಗುತ್ತೆ, ಒಳಗೆ ನಿಧಾನ. ಹಾಗಾದಾಗ ಬಿರುಕು ಬಿಡುತ್ತೆ. ತೊಲೆ ಅದನ್ನು ಕಟ್ಟಿಹಿಡಿಯುತ್ತಿತ್ತು. ತೊಲೆ ಹೋದ ಮೇಲೆ ಗೋಡೆ ಜಾರುವುದೂ ಆ ಟೊಳ್ಳಿನ ಸಾಲಿನಿಂದಲೇ. ನಮ್ಮ ಮಡಿಕೇರಿ ಮಳೆಗೆ ಇಂಥ ಗೋಡೆ ಎರಡು ಕಕ್ಕಡ (ಜೋರು ಮಳೆಯ ತಿಂಗಳು) ತಡೆಯುತ್ತಿರಲಿಲ್ಲ, ಅಲ್ಲಿ 3,800 ವರ್ಷ ನಿಂತಿದೆ.

ಬುಹೆನ್ ಕೋಟೆಯ ಸುತ್ತ ನೀರಿಲ್ಲದ ಕಂದಕ ತೋಡಿದ್ದರು. ನಮ್ಮ ಕೊಡಗಿನ ಹಳೇ ಕಾವಲು ಕಂದಕಗಳಾದ ಕಡಂಗಗಳ ಹಾಗೆಯೇ: ಮೇಲೇರಿ ಬರುವವನನ್ನು ಮೊದಲು ತಗ್ಗಿಗೆ ಇಳಿಸಿ ನಿಧಾನ ಮಾಡಿಸುವ ಏರ್ಪಾಡು.

ಗಡಿಕಾವಲು
ಇವು ಯುದ್ಧದ ಕೋಟೆಗಳು ಮಾತ್ರ ಅಂದುಕೊಂಡು ಹೋದರೆ ಅರ್ಧ ವಿಷಯ ತಪ್ಪುತ್ತೆ. ಸೆನುಸ್ರೆತ್‌ನ ಆಳ್ವಿಕೆಯ 8ನೇ ವರ್ಷದ ಸೆಮ್ನಾ ಶಾಸನದಲ್ಲಿ ನುಬಿಯಾದವರು ದೋಣಿಯಲ್ಲಾಗಲಿ ನಡೆದಾಗಲಿ ದನಕರು ಹೊಡೆದುಕೊಂಡಾಗಲಿ ಉತ್ತರಕ್ಕೆ ದಾಟುವಂತಿಲ್ಲ ಅಂತಿದೆ. ಇಕೆನ್‌ಗೆ, ಅಂದರೆ ಇಂದಿನ ಮಿರ್ಗಿಸ್ಸಾ ಕೋಟೆಗೆ, ವ್ಯಾಪಾರಕ್ಕೆ ಬಂದವರಿಗೆ ಮತ್ತು ದೂತರಿಗೆ ಮಾತ್ರ ವಿನಾಯಿತಿ. 16ನೇ ವರ್ಷದ ಗಡಿ ಶಾಸನದ ಒಂದು ಪ್ರತಿ ಉರೊನಾರ್ತಿಯಲ್ಲೇ ಸಿಕ್ಕಿತು. ಕೋಟೆಗಳ ನಡುವೆ ಓಡಾಡಿದ ವರದಿಗಳ ನಕಲು ಪಪೈರಸ್‌ನಲ್ಲಿ ಉಳಿದಿದೆ. ಒಂದರಲ್ಲಿ ಮರುಭೂಮಿಯಲ್ಲಿ 32 ಜನ, 3 ಕತ್ತೆಗಳ ಹೆಜ್ಜೆ ಜಾಡು ಸಿಕ್ಕಿತು ಅಂತ ಗಸ್ತಿನವರು ಬರೆದು ಕಳಿಸಿದ್ದಾರೆ. ಅಷ್ಟು ಸಣ್ಣ ಸುಳಿವಿನ ಮೇಲೂ ಕಣ್ಣಿಟ್ಟಿದ್ದರು.

ಅಸ್ವಾನಿನಲ್ಲಿ ಎಲಿಫಾಂಟಿನ್ ದ್ವೀಪಕ್ಕೆ ಅರ್ಧ ದಿನ ಇಡಿ. ಊರಿನವರು ಬಳಸುವ ಫೆರಿಯಲ್ಲೇ ದಾಟಬಹುದು. ಸತೇತ್ ದೇವತೆಯ ಗುಡಿಯ ಪಕ್ಕ ಮೊದಲನೇ ರಾಜವಂಶದ ಕೋಟೆ ಇತ್ತು. ಅದು ಉರೊನಾರ್ತಿಗಿಂತ ಸಾವಿರ ವರ್ಷ ಹಳೆಯದು.

ಹಾರಂಗಿ_ದಡ (ಸೋಮವಾರಪೇಟೆ)
ಎಲ್ಲರಿಗೂ ಧನ್ಯವಾದ. ಹಾಗಾದರೆ ಎಲ್-ಕಾಬ್, ಎಲಿಫಾಂಟಿನ್, ಇಬ್ರಿಮ್. ಅಕ್ಟೋಬರ್ ಕೊನೆ ಆಗಬಹುದಾ, ಇಲ್ಲಾ ರೊಬಸ್ಟಾ ಮುಗಿಸಿ ಮಾರ್ಚ್‌ನಲ್ಲಿ ಹೋಗಲಾ?

ನೀಲನದಿ_78
ಅಕ್ಟೋಬರ್ ಕೊನೆಯೇ ಸರಿ. ಮಾರ್ಚ್‌ನಿಂದ ಖಮ್ಸೀನ್ ಬಿಸಿಗಾಳಿ ಶುರು, ಧೂಳಿನಲ್ಲಿ ಡೆಕ್ಕಿನಿಂದ ಏನೂ ಕಾಣದ ದಿನಗಳೂ ಬರುತ್ತವೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಆಗ ನಿಮಗೆ ತೋಟ ಬಿಡೋಕೂ ಆಗಲ್ಲ. ವಿರಾಜಪೇಟೆ ಮೇಲಿಂದ ಕಣ್ಣೂರಿಗೆ ಇಳಿದು ಗಲ್ಫ್ ಮೂಲಕ ಕೈರೋ ಹಿಡಿಯಬಹುದು. ಆದರೆ ಮಾಕುಟ್ಟ ಘಾಟಿಯಲ್ಲಿ ಮಳೆಗೆ ಮರ ಬಿದ್ದು ರಸ್ತೆ ನಿಲ್ಲುವುದುಂಟು, ಹಿಂದಿನ ದಿನವೇ ಇಳಿದಿರಿ. ವೀಸಾ ನಿಯಮ ಬದಲಾಗುತ್ತಿರುತ್ತೆ, ಟಿಕೆಟ್ ಮಾಡುವ ಮೊದಲು ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಡ್ರೋನ್ ಮನೆಯಲ್ಲೇ ಬಿಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಎಲ್-ಕಾಬ್‌ನಲ್ಲಿ ಗೋಡೆ ಹತ್ತಬೇಡಿ, ಅಂಚಿನ ಇಟ್ಟಿಗೆ ಕಾಲಡಿ ಪುಡಿಯಾಗುತ್ತೆ. ನೆಲದ ಮೇಲೆ ಮಡಕೆ ಚೂರು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಈಜಿಪ್ಟಿನ 1983ರ 117ನೇ ಕಾನೂನಿನ ಪ್ರಕಾರ ಅದೂ ಪ್ರಾಚ್ಯವಸ್ತುವೇ, ಬ್ಯಾಗಿನಲ್ಲಿ ಸಿಕ್ಕಿದರೆ ಕೇಸು.