ಏರ್‌ಶಿಪ್ ವಿನ್ಯಾಸ ಮಾಡಿದವರ ಕೆಲಸ ಆಮೇಲೆ ಏನಾಯ್ತು?

ಪ್ರಶ್ನೆ – ಏರೋ ಹುಡುಗ:
ನಾನು ಏರೋನಾಟಿಕಲ್ ಕೊನೇ ವರ್ಷ. ಏರ್‌ಶಿಪ್ (ಹಗುರ ಅನಿಲ ತುಂಬಿಕೊಂಡು ತೇಲುತ್ತಾ ಎಂಜಿನ್ ಬಲದಿಂದ ಸಾಗುವ ದೊಡ್ಡ ವಾಯುನೌಕೆ) ವಿನ್ಯಾಸದ ಕಡೆ ಹೋಗಬೇಕು ಅಂತ ತುಂಬ ಆಸೆ. ಮನೆಯಲ್ಲೂ ಕಾಲೇಜಿನಲ್ಲೂ ಎಲ್ಲರೂ ಹೇಳೋದು ಒಂದೇ, ಅದು ಮುಗಿದ ಕಥೆ, ಸುಮ್ನೆ ವಿಮಾನದ ಕಡೆ ಹೋಗು ಅಂತ. ಹಿಂದೆ ಇದನ್ನೇ ನಂಬಿ ವರ್ಷಗಟ್ಟಲೆ ದುಡಿದವರು ಕಲಿತದ್ದೆಲ್ಲ ದಂಡವಾಯ್ತಾ?

ಉತ್ತರ – ಸ್ಟ್ರಕ್ಚರ್ಸ್:
ಖಂಡಿತ ಇಲ್ಲ. ಬಾರ್ನ್ಸ್ ವಾಲಿಸ್ ಬಗ್ಗೆ ಓದಿ. ಹಡಗು ಕಟ್ಟುವ ಕಡೆಯಿಂದ ಬಂದವರು, 1913ರಲ್ಲಿ ಬ್ರಿಟನ್ನಿನ ವಿಕರ್ಸ್ ಕಂಪನಿಯ ಏರ್‌ಶಿಪ್ ಕೆಲಸಕ್ಕೆ ಸೇರಿದರು. ಆರ್-100 ಅನ್ನೋ ಏರ್‌ಶಿಪ್ ಅವರದೇ ವಿನ್ಯಾಸ. 1930ರಲ್ಲಿ ಅದು ಇಂಗ್ಲೆಂಡಿನಿಂದ ಕೆನಡಾಕ್ಕೆ ಹೋಗಿ ಸುರಕ್ಷಿತವಾಗಿ ವಾಪಸ್ ಬಂತು. ಆಗ ಕಂಪ್ಯೂಟರ್ ಇಲ್ಲ. ಅದರ ಒಂದೊಂದು ಅಡ್ಡ ಚೌಕಟ್ಟಿನ ಲೆಕ್ಕಕ್ಕೆ ಸ್ಲೈಡ್ ರೂಲ್ (ಲೆಕ್ಕ ಮಾಡೋ ಜಾರುಪಟ್ಟಿ) ಹಿಡಿದು ತಿಂಗಳುಗಟ್ಟಲೆ ಕೂರುತ್ತಿದ್ದರು. ಚೌಕಟ್ಟನ್ನು ಬಿಗಿಯುವ ತಂತಿ ಎಳೆಯಬಲ್ಲದು, ಒತ್ತಲಾರದು. ಹಾಗಾಗಿ ಬಿಗಿಯಾಗಿದೆ ಅಂದುಕೊಂಡ ತಂತಿ ಸಡಿಲ ಅಂತ ಲೆಕ್ಕದ ಕೊನೆಗೆ ಗೊತ್ತಾದರೆ, ಅದನ್ನು ಕೈಬಿಟ್ಟು ಮತ್ತೆ ಮೊದಲಿಂದ! ಆ ಶಿಸ್ತು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತೆ.

ಆರ್-100ರಲ್ಲಿ ಗ್ಯಾಸ್ ಚೀಲಗಳನ್ನು ಹಿಡಿದಿಡಲು ತಂತಿಯ ಬಲೆ ಇತ್ತು. ಆ ಯೋಚನೆಯೇ ಮುಂದೆ ವಾಲಿಸ್ ಕೈಯಲ್ಲಿ ಬ್ರಿಟನ್ನಿನ ವೆಲ್ಲಿಂಗ್ಟನ್ ಬಾಂಬರ್ ವಿಮಾನದ ಜಾಲರಿ ಮೈ ಆಯ್ತು. ಅಂಥ ವಿಮಾನ 11,000ಕ್ಕೂ ಜಾಸ್ತಿ ತಯಾರಾದವು.

ಉತ್ತರ – ಹಳೇ ಹ್ಯಾಂಗರ್:
ಮೇಲಿನವರು ಹೇಳಿದ್ದು ಸರಿ, ಆದರೆ ಇನ್ನೊಂದು ಮುಖವೂ ಗೊತ್ತಿರಲಿ. ಬ್ರಿಟಿಷ್ ಸರ್ಕಾರವೇ ಕಟ್ಟಿಸಿದ ಇನ್ನೊಂದು ಏರ್‌ಶಿಪ್ ಆರ್-101 ಭಾರತಕ್ಕೆ ಹೊರಟಿದ್ದು, ಅದಕ್ಕಾಗಿ ಆಗ ಭಾರತದಲ್ಲೇ ಇದ್ದ ಕರಾಚಿಯಲ್ಲಿ ದೊಡ್ಡ ಶೆಡ್ಡನ್ನೇ ಕಟ್ಟಿದ್ದರು. ಬಿಸಿ ದೇಶದಲ್ಲಿ ಪೆಟ್ರೋಲ್ ಅಪಾಯ ಅಂತ ಭಾರದ ಡೀಸೆಲ್ ಎಂಜಿನ್ ಹಾಕಿದರು, ಎತ್ತುವ ಶಕ್ತಿ ಸಾಲದೆ ಏರ್‌ಶಿಪ್ಪನ್ನೇ ನಡುವೆ ಕತ್ತರಿಸಿ ಉದ್ದ ಮಾಡಿದರು, ಸರಿಯಾಗಿ ಪರೀಕ್ಷಿಸದೆ ಹೊರಟೇಬಿಟ್ಟರು. 1930ರ ಅಕ್ಟೋಬರ್ 5ರಂದು ಫ್ರಾನ್ಸಿನ ಬೋವೆ ಬಳಿ ಬಿದ್ದು ಉರಿಯಿತು. ಇದ್ದ 54 ಜನರಲ್ಲಿ 48 ಮಂದಿ ಸತ್ತರು. ಅದರ ಬೆನ್ನಿಗೇ, ಚೆನ್ನಾಗಿ ಹಾರಿದ್ದ ಆರ್-100 ಕೂಡ ಗುಜರಿಗೆ ಹೋಯ್ತು. ವಿನ್ಯಾಸ ಎಷ್ಟೇ ಚೆನ್ನಾಗಿರಲಿ, ಈ ಕ್ಷೇತ್ರದಲ್ಲಿ ನಿಮ್ಮ ಯೋಜನೆ ಬೇರೆಯವರ ಅವಸರಕ್ಕೆ ಬಲಿಯಾಗಬಹುದು. ಅದಕ್ಕೆ ಮನಸ್ಸು ಗಟ್ಟಿ ಇರಬೇಕು.

ಉತ್ತರ – ಹೀಲಿಯಂ:
ಮುಗಿದ ಕಥೆ ಅಲ್ವೇ ಅಲ್ಲ. ಆಗ್ರಾದ ಡಿಆರ್‌ಡಿಒ (ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ) ಪ್ರಯೋಗಾಲಯ ತಯಾರಿಸಿದ ಏರ್‌ಶಿಪ್ 2025ರ ಮೇ 3ರಂದು ಮಧ್ಯಪ್ರದೇಶದ ಶಿಯೋಪುರದಿಂದ ಸುಮಾರು 17 ಕಿ.ಮೀ. ಎತ್ತರಕ್ಕೆ ಏರಿತು, 62 ನಿಮಿಷ ಹಾರಿತು. ಜರ್ಮನಿಯಲ್ಲಿ ಜೆಪ್ಪೆಲಿನ್ ಎನ್‌ಟಿ ಅನ್ನೋ ಏರ್‌ಶಿಪ್ ಇವತ್ತಿಗೂ ಪ್ರವಾಸಿಗರನ್ನು ಹೊತ್ತು ಹಾರುತ್ತೆ. ಇವುಗಳಲ್ಲಿ ತುಂಬೋದು ಹೀಲಿಯಂ ಅನಿಲ; ನೆಲಮಟ್ಟದಲ್ಲಿ ಅದು ಒಂದು ಘನ ಮೀಟರ್‌ಗೆ ಎತ್ತೋದು ಹೆಚ್ಚುಕಮ್ಮಿ ಒಂದು ಕಿಲೋ, ಮೇಲೆ ಹೋದಷ್ಟೂ ಇನ್ನೂ ಕಡಿಮೆ. ಅದಕ್ಕೇ ಬಟ್ಟೆ, ಪದರಗಳ ಹೊದಿಕೆ, ಹಗುರ ಚೌಕಟ್ಟು, ಇವನ್ನು ಚೆನ್ನಾಗಿ ಕಲಿಯಿರಿ. ಪ್ರಾಜೆಕ್ಟಿಗೆ ಹೊದಿಕೆಯಿಂದ ಗ್ಯಾಸ್ ಸೋರುವುದನ್ನು ಅಳೆಯುವ ವಿಷಯ ತಗೊಳ್ಳಿ, ಕಾಲೇಜ್ ಲ್ಯಾಬಿನಲ್ಲೇ ಮಾಡಬಹುದು.