‘ರಿಚ್’ ಮತ್ತು ‘ಲೀನ್’: ಕಾರ್ಬುರೇಟರಿನ ಮಿಶ್ರಣವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು?

ಮಾನ್ಯರೇ,

ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ, ಮೋಟಾರ್‌ಸೈಕಲ್ಲಿನ ಕಾರ್ಬುರೇಟರನ್ನು ಮನೆಯಲ್ಲೇ ಬಿಚ್ಚಿ, ತೊಳೆದು, ಪೆಟ್ರೋಲು ಮತ್ತು ಗಾಳಿಯ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕೆನ್ನುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಮುಕ್ಕಾಲು ಭಾಗ ಬರೆದಾಗಿದೆ. ಆದರೆ ಕೈಪಿಡಿಯ ಪ್ರತಿಯೊಂದು ಪುಟದಲ್ಲೂ ಬರಬೇಕಾದ ಎರಡು ಪದಗಳು ಇನ್ನೂ ಇತ್ಯರ್ಥವಾಗಿಲ್ಲ. ಇಂಗ್ಲಿಷಿನಲ್ಲಿ ‘ರಿಚ್’ ಮತ್ತು ‘ಲೀನ್’ ಎನ್ನುವ ಈ ಎರಡು ಸ್ಥಿತಿಗಳಿಗೆ ಕನ್ನಡದಲ್ಲಿ ಯಾವ ಮಾತು ಹೊಂದುತ್ತದೆ ಎಂಬುದೇ ನನ್ನ ಮುಖ್ಯ ಪ್ರಶ್ನೆ. ಇದರ ಜೊತೆಗೆ ಅಂಟಿಕೊಂಡು ಬಂದಿರುವ ಇನ್ನೂ ಕೆಲವು ತೊಡಕುಗಳನ್ನು ಕೆಳಗೆ ವಿವರಿಸಿದ್ದೇನೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚಾದರೆ ಅದು ರಿಚ್. ಗಾಳಿಯ ಪಾಲು ಹೆಚ್ಚಾದರೆ ಅದು ಲೀನ್. ರಿಚ್ ಆದಾಗ ಸ್ಪಾರ್ಕ್ ಪ್ಲಗ್ಗಿನ ತುದಿಗೆ ಒಣ ಮಸಿ ಹಿಡಿಯುತ್ತದೆ, ಹೊಗೆ ಕಪ್ಪಗಾಗುತ್ತದೆ, ಎಂಜಿನ್ ಭಾರವಾದಂತೆ ಎಳೆಯುತ್ತದೆ. ಲೀನ್ ಆದಾಗ ಪ್ಲಗ್ಗು ಬೆಳ್ಳಗಾಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಎಕ್ಸಲರೇಟರ್ ತಿರುಗಿಸಿದ ಕೂಡಲೇ ಒಂದು ಕ್ಷಣ ತಡವರಿಸುತ್ತದೆ, ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟನೆ ಸದ್ದಾಗುತ್ತದೆ. ಎರಡರಲ್ಲಿ ಎಂಜಿನ್ನಿಗೆ ಹೆಚ್ಚು ಅಪಾಯ ತರುವುದು ಎರಡನೆಯದು. ಆದ್ದರಿಂದ ಈ ಪದಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದರೆ ಅದು ಬರಿಯ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ.

ಅಂಥ ತಪ್ಪು ನನ್ನ ಬರವಣಿಗೆಯಿಂದಲೇ ಆಯಿತು. ಮೊದಲ ಕರಡಿನಲ್ಲಿ ನಾನು ಲೀನ್ ಎಂಬುದಕ್ಕೆ ‘ತೆಳು’ ಎಂದೂ, ರಿಚ್ ಎಂಬುದಕ್ಕೆ ‘ಗಟ್ಟಿ’ ಎಂದೂ ಬರೆದಿದ್ದೆ. ಎರಡೂ ಅಚ್ಚಗನ್ನಡದ, ಎಲ್ಲರಿಗೂ ತಿಳಿದ ಪದಗಳೆಂಬ ನೆಮ್ಮದಿ ನನಗಿತ್ತು. ನನ್ನ ತಮ್ಮ ಆ ಕರಡನ್ನು ಮುಂದಿಟ್ಟುಕೊಂಡು ತನ್ನ ಗಾಡಿಯ ಕಾರ್ಬುರೇಟರಿಗೆ ಕೈಹಾಕಿದ. ಗಾಡಿ ತಡವರಿಸುತ್ತಿತ್ತು, ಸೈಲೆನ್ಸರಿನಲ್ಲಿ ಸದ್ದೂ ಬರುತ್ತಿತ್ತು; ‘ಮಿಶ್ರಣ ತೆಳುವಾಗಿದ್ದರೆ ಹೀಗಾಗುತ್ತದೆ, ಅದನ್ನು ಗಟ್ಟಿಗೊಳಿಸಬೇಕು’ ಎಂದು ನನ್ನ ಕರಡು ಹೇಳುತ್ತಿತ್ತು. ಅವನು ಪೆಟ್ರೋಲನ್ನು ಇನ್ನಷ್ಟು ಕಡಿಮೆ ಮಾಡಿದ. ಪ್ಲಗ್ಗು ಸುಣ್ಣ ಬಳಿದಂತೆ ಬೆಳ್ಳಗಾಯಿತು, ಎಂಜಿನ್ ಹತ್ತಿರ ಕಾಲಿಡಲಾಗದಷ್ಟು ಕಾಯಿತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದಾಗ ಅವನು ಕೊಟ್ಟ ಉತ್ತರಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ: “ತೆಳು ಅಂದರೆ ನೀರು ಜಾಸ್ತಿಯಾಗಿದೆ ಅಂತ ತಾನೆ ಅಣ್ಣ? ಇಲ್ಲಿ ನೀರಿನ ಹಾಗಿರೋದು ಪೆಟ್ರೋಲು. ಅದನ್ನು ಕಡಿಮೆ ಮಾಡಿದರೆ ಗಟ್ಟಿಯಾಗತ್ತೆ ಅಂದುಕೊಂಡೆ.”

ಅವನ ತರ್ಕದಲ್ಲಿ ದೋಷವಿಲ್ಲ. ಕನ್ನಡದಲ್ಲಿ ಬಣ್ಣವೋ ಅಂಟೋ ತೆಳುವಾಯಿತು ಎಂದರೆ ಅದರಲ್ಲಿ ದ್ರವದ ಅಂಶ ಹೆಚ್ಚಾಯಿತು ಎಂದೇ ಅರ್ಥ. ಕಾರ್ಬುರೇಟರಿನೊಳಗೆ ಇರುವ ದ್ರವ ಪೆಟ್ರೋಲು ಒಂದೇ. ಅದನ್ನು ತೆಳುಗೊಳಿಸುವುದು ಗಾಳಿ ಎಂಬ ಕಲ್ಪನೆ ತಾನಾಗಿ ಹೊಳೆಯುವಂಥದ್ದಲ್ಲ. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 9 ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ ಎಂಬ ಲೆಕ್ಕವನ್ನು ನೋಡಿದರೆ, ಈ ಮಿಶ್ರಣ ಬಹುಪಾಲು ಗಾಳಿಯೇ, ಅದರಲ್ಲಿ ಪೆಟ್ರೋಲು ಬರಿಯ ತುಂತುರು ಎಂಬುದು ಗೊತ್ತಾಗುತ್ತದೆ. ಇಂಥ ವಸ್ತುವಿಗೆ ಗಟ್ಟಿ, ತೆಳು ಎಂಬ ಮಾತುಗಳನ್ನು ಹೊಂದಿಸಲು ಹೋದದ್ದು ನನ್ನ ತಪ್ಪು.

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ಸಮೃದ್ಧ’ ಮತ್ತು ‘ಕೃಶ’ ಇಂಗ್ಲಿಷ್ ಪದಗಳ ನೇರ ಅನುವಾದಗಳು. ಏನು ಸಮೃದ್ಧವಾಗಿದೆ ಎಂಬುದನ್ನು ಅವು ಹೇಳುವುದಿಲ್ಲ. ಸಮೃದ್ಧ ಎಂಬುದಕ್ಕೆ ಒಳ್ಳೆಯದು ಎಂಬ ಧ್ವನಿ ಇರುವುದರಿಂದ ಅದನ್ನು ದೋಷದ ಹೆಸರಾಗಿ ಓದುವುದೂ ಕಷ್ಟ. ‘ದಟ್ಟ’ ಮತ್ತು ‘ವಿರಳ’ ಸ್ವಲ್ಪ ಮೇಲು. ದಟ್ಟ ಮಂಜು, ದಟ್ಟ ಹೊಗೆ ಎನ್ನುವ ರೂಢಿ ಇರುವುದರಿಂದ ಗಾಳಿಯಲ್ಲಿ ತೇಲುವ ತುಂತುರಿಗೆ ದಟ್ಟ ಒಪ್ಪುತ್ತದೆ. ಆದರೆ ಎತ್ತರದ ಬೆಟ್ಟಗಳ ಮೇಲೆ ಗಾಳಿಯೇ ವಿರಳವಾಗಿರುತ್ತದೆ, ಮತ್ತು ಗಾಳಿ ವಿರಳವಾದಾಗ ಮಿಶ್ರಣ ರಿಚ್ ಆಗುತ್ತದೆ. ಆಗ ‘ಗಾಳಿ ವಿರಳವಾದ್ದರಿಂದ ಮಿಶ್ರಣ ದಟ್ಟವಾಗುತ್ತದೆ’ ಎಂದು ಬರೆಯಬೇಕಾಗುತ್ತದೆ. ವಾಕ್ಯ ಸತ್ಯವೇ ಆದರೂ ಓದುಗನು ಎರಡು ಸಲ ಓದದೆ ಮುಂದೆ ಹೋಗಲಾರ. ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಇಟ್ಟುಬಿಡೋಣವೆಂದರೆ ಇನ್ನೊಂದು ತೊಡಕಿದೆ. ‘ಲೀನ’ ಎಂಬುದು ನಮ್ಮಲ್ಲಿ ಮೊದಲೇ ಇದೆ. ಒಂದರಲ್ಲೊಂದು ಕರಗಿ ಸೇರಿಹೋದದ್ದು ಎಂದು ಅದರ ಅರ್ಥ. ‘ಲೀನ್ ಮಿಶ್ರಣ’ ಎಂಬುದನ್ನು ಚೆನ್ನಾಗಿ ಬೆರೆತ ಮಿಶ್ರಣ ಎಂದು ಓದಿಕೊಳ್ಳುವವನನ್ನು ತಪ್ಪಿತಸ್ಥನೆನ್ನಲಾಗದು.

ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಈ ಗೊಂದಲಕ್ಕೆ ಸಿಕ್ಕುವುದೇ ಇಲ್ಲ. ‘ಪೆಟ್ರೋಲ್ ಜಾಸ್ತಿ ಹೋಗ್ತಿದೆ’, ‘ಏರ್ ಜಾಸ್ತಿ ಆಗಿದೆ’ ಎಂದು ವಸ್ತುವನ್ನೇ ಹೆಸರಿಸಿ ಹೇಳಿಬಿಡುತ್ತಾರೆ. ನನಗೆ ಸರಿಯಾದ ದಾರಿ ಇದೇ ಎನಿಸಿದೆ. ಆದರೆ ಬರವಣಿಗೆಯಲ್ಲಿ ವಿಶೇಷಣವಾಗಿ ಮತ್ತೆ ಮತ್ತೆ ಬಳಸಲು ಚಿಕ್ಕದೊಂದು ರೂಪ ಬೇಕು. ಇದಕ್ಕಾಗಿ ‘ಮಿಗು’ ಎಂಬ ಧಾತುವನ್ನು ಆರಿಸಿಕೊಂಡು, ‘ಪೆಟ್ರೋಲು ಮಿಕ್ಕ ಮಿಶ್ರಣ’, ‘ಗಾಳಿ ಮಿಕ್ಕ ಮಿಶ್ರಣ’ ಎಂದು ಬರೆದು ನೋಡಿದೆ. ಮಿಕ್ಕು ಎನ್ನುವುದಕ್ಕೆ ಮೀರುವುದು ಎಂಬ ಅರ್ಥವೂ ಇದೆ, ಉಳಿಯುವುದು ಎಂಬ ಅರ್ಥವೂ ಇದೆ. ಇಲ್ಲಿ ಎರಡೂ ನಿಜ. ಪೆಟ್ರೋಲು ಅಳತೆ ಮೀರಿದಾಗ ಗಾಳಿ ಮೊದಲು ತೀರಿಹೋಗಿ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯದೆ ಉಳಿಯುತ್ತದೆ, ಪ್ಲಗ್ಗಿಗೆ ಹಿಡಿಯುವ ಮಸಿ ಅದರದ್ದೇ. ಗಾಳಿ ಅಳತೆ ಮೀರಿದಾಗ ಪೆಟ್ರೋಲು ತೀರಿ ಗಾಳಿ ಉಳಿಯುತ್ತದೆ. ಒಂದು ಧಾತುವಿನ ಎರಡು ಅರ್ಥಗಳು ಒಂದೇ ಘಟನೆಯ ಮೊದಲನ್ನೂ ಕೊನೆಯನ್ನೂ ಹೇಳುವುದು ನನಗೆ ಬಹಳ ಹಿಡಿಸಿತು. ‘ಪೆಟ್ರೋಲು ಮಿಕ್ಕಿದೆ’ ಎಂದಷ್ಟೇ ಬರೆದರೆ ಟ್ಯಾಂಕಿನಲ್ಲಿ ಇನ್ನೂ ಇದೆ ಎಂದು ಓದುವ ಸಾಧ್ಯತೆ ಇರುವುದರಿಂದ, ‘ಮಿಶ್ರಣದಲ್ಲಿ’ ಎಂಬ ಮಾತನ್ನು ಎಲ್ಲಿಯೂ ಬಿಡಬಾರದೆಂದುಕೊಂಡಿದ್ದೇನೆ.

ಎರಡನೆಯ ತೊಡಕು ತಿರುಪುಗಳದ್ದು. ಎಂಜಿನ್ ನಿಂತಲ್ಲೇ ಓಡುವಾಗಿನ ಮಿಶ್ರಣವನ್ನು ಹೊಂದಿಸುವ ಚಿಕ್ಕ ತಿರುಪನ್ನು ಎಲ್ಲರೂ ‘ಏರ್ ಸ್ಕ್ರೂ’ ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಇದು ಎರಡು ಬಗೆ. ಥ್ರಾಟಲ್ ಸ್ಲೈಡಿಗಿಂತ (ಎಕ್ಸಲರೇಟರ್ ತಿರುಗಿಸಿದಾಗ ಮೇಲೆದ್ದು ಗಾಳಿಯ ದಾರಿ ತೆರೆಯುವ ಭಾಗ) ಏರ್ ಫಿಲ್ಟರಿನ ಕಡೆಗೆ ಇದ್ದರೆ ಅದು ಸಾಮಾನ್ಯವಾಗಿ ಗಾಳಿಯನ್ನು ನಿಯಂತ್ರಿಸುವ ತಿರುಪು. ಒಳಕ್ಕೆ ತಿರುಗಿಸಿದರೆ ಗಾಳಿ ತಗ್ಗಿ ಪೆಟ್ರೋಲಿನ ಪಾಲು ಏರುತ್ತದೆ. ಎಂಜಿನ್ನಿನ ಕಡೆಗೆ ಇದ್ದರೆ ಅದು ಪೆಟ್ರೋಲಿನ ತಿರುಪು. ಒಳಕ್ಕೆ ತಿರುಗಿಸಿದರೆ ಪೆಟ್ರೋಲೇ ತಗ್ಗುತ್ತದೆ. ಒಂದೇ ಹೆಸರು, ಒಂದೇ ಕೈಚಲನೆ, ಫಲ ಮಾತ್ರ ತದ್ವಿರುದ್ಧ. ಆದ್ದರಿಂದ ಕೈಪಿಡಿಯಲ್ಲಿ ‘ಗಾಳಿತಿರುಪು’ ಮತ್ತು ‘ಪೆಟ್ರೋಲ್ ತಿರುಪು’ ಎಂದು ಎರಡು ಹೆಸರುಗಳನ್ನು ಬಳಸಿದ್ದೇನೆ. ‘ಬಿಗಿಮಾಡು’ ಎಂಬ ಕ್ರಿಯಾಪದವನ್ನೂ ಕೈಬಿಟ್ಟಿದ್ದೇನೆ, ಏಕೆಂದರೆ ಅದನ್ನು ಓದಿದವರು ಬಲ ಹಾಕಿಯೇ ಹಾಕುತ್ತಾರೆ, ಸೂಜಿಯಂಥ ಅದರ ತುದಿ ಒಳಗೆ ಮುರಿದರೆ ತೆಗೆಯುವುದು ದುಸ್ತರ. ‘ತಾನಾಗಿ ನಿಲ್ಲುವವರೆಗೆ ಮೆಲ್ಲಗೆ ಒಳಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತನ್ನಿ, ಎಂಜಿನ್ ಬಿಸಿಯಾದ ಮೇಲೆ ಅಲ್ಲಿಂದ ಮುಂದಿನ ಹೊಂದಾಣಿಕೆ ಮಾಡಿ’ ಎಂಬುದು ಈಗಿರುವ ವಾಕ್ಯ. ಕೆಲವು ಗಾಡಿಗಳಿಗೆ ಸುತ್ತಿನ ಲೆಕ್ಕ ಬೇರೆ ಇರುವುದರಿಂದ ಗಾಡಿಯ ಕೈಪುಸ್ತಕವನ್ನು ನೋಡಲು ಅಲ್ಲಿಯೇ ಹೇಳಿದ್ದೇನೆ.

ಪೆಟ್ರೋಲು ಬರುವ ರಂಧ್ರದಲ್ಲಿ ಏರಿಳಿದು ಅದರ ಪ್ರಮಾಣವನ್ನು ನಿಯಂತ್ರಿಸುವ ಜೆಟ್ ಸೂಜಿಯಲ್ಲೂ ಇಂಥದ್ದೇ ತೊಡಕು. ಸೂಜಿಯ ತಲೆಯ ಹತ್ತಿರ ಹಲವು ಕಚ್ಚುಗಳಿದ್ದು, ಒಂದರಲ್ಲಿ ಕ್ಲಿಪ್ಪು ಕೂತಿರುತ್ತದೆ. ಕ್ಲಿಪ್ಪನ್ನು ಕೆಳಗಿನ ಕಚ್ಚಿಗೆ ಇಳಿಸಿದರೆ ಸೂಜಿ ಮೇಲಕ್ಕೆ ಏರುತ್ತದೆ, ಆಗ ಪೆಟ್ರೋಲು ಹೆಚ್ಚು ಬರುತ್ತದೆ. ‘ಒಂದು ಕಚ್ಚು ಏರಿಸಿ’ ಎಂದು ಬರೆದರೆ ಏರಬೇಕಾದದ್ದು ಕ್ಲಿಪ್ಪೋ ಸೂಜಿಯೋ ಎಂದು ತಿಳಿಯದು. ಕನ್ನಡದ ವಾಕ್ಯದಲ್ಲಿ ಕರ್ಮವನ್ನು ಬಿಟ್ಟರೂ ಕೇಳಲು ಸಹಜವಾಗಿಯೇ ಇರುತ್ತದೆ. ಇಲ್ಲಿ ಆ ಸೌಕರ್ಯವನ್ನು ಬಳಸಿಕೊಳ್ಳಬಾರದು.

ನನಗೆ ಇನ್ನೂ ಬಗೆಹರಿಯದೆ ಉಳಿದದ್ದು ಚೋಕು, ಅಂದರೆ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಲು ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವ ಸಾಧನ. ಹಳೆಯ ಬಗೆಯಲ್ಲಿ ಒಂದು ತಗಡಿನ ಬಿಲ್ಲೆ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಉಸಿರುಕಟ್ಟಿಸುವುದು ಎಂಬ ಮೂಲಾರ್ಥ ಅದಕ್ಕೆ ಸರಿಯಾಗಿದೆ. ಆದರೆ ಅನೇಕ ಮೋಟಾರ್‌ಸೈಕಲ್ಲುಗಳ ಕಾರ್ಬುರೇಟರಿನಲ್ಲಿ ಚೋಕು ಎಳೆದಾಗ ಯಾವ ದಾರಿಯೂ ಮುಚ್ಚುವುದಿಲ್ಲ, ಬದಲಿಗೆ ಹೆಚ್ಚಿನ ಪೆಟ್ರೋಲಿಗಾಗಿ ಬೇರೆಯದೇ ಒಂದು ಸಣ್ಣ ದಾರಿ ತೆರೆದುಕೊಳ್ಳುತ್ತದೆ. ಹೆಸರು ಹಾಗೆಯೇ ಇರಲಿ, ಅದು ರೂಢಿಯಾಗಿದೆ. ಕಷ್ಟವಿರುವುದು ಅದರ ಜೊತೆ ಬರುವ ‘ತೆಗೆ’ ಎಂಬ ಕ್ರಿಯಾಪದದಲ್ಲಿ. ಬಾಗಿಲು ತೆಗೆ ಎಂದರೆ ತೆರೆ, ಅಂಗಿ ತೆಗೆ ಎಂದರೆ ಕಳಚು. ‘ಎಂಜಿನ್ ಬಿಸಿಯಾದ ಮೇಲೆ ಚೋಕು ತೆಗೆಯಿರಿ’ ಎಂದರೆ ಹಳೆಯ ಬಗೆಯಲ್ಲಿ ಎರಡು ಅರ್ಥಗಳೂ ಒಂದೇ ಕಡೆಗೆ ಕೊಂಡೊಯ್ಯುತ್ತವೆ: ಬಿಲ್ಲೆ ತೆರೆದರೆ ಚೋಕು ಹೋದಂತೆ. ಇನ್ನೊಂದು ಬಗೆಯಲ್ಲಿ ದಾರಿಯನ್ನು ತೆರೆದರೆ ಚೋಕು ಬಂದಂತೆ, ಮುಚ್ಚಿದರೆ ಹೋದಂತೆ. ಚೋಕು ಹಾಕಿಯೇ ಬಿಟ್ಟ ಗಾಡಿಯ ಮಿಶ್ರಣವನ್ನು ಯಾರೂ ಸರಿಪಡಿಸಲಾರರು. ‘ನಿಲ್ಲಿಸಿ’ ಎಂದರೆ ಎಂಜಿನ್ ನಿಲ್ಲಿಸುವುದು ಎಂದಾದೀತು, ‘ಬಿಡಿ’ ಎಂಬುದಕ್ಕೆ ಅಷ್ಟು ಖಚಿತತೆ ಇಲ್ಲ.

‘ಟ್ಯೂನಿಂಗ್’ ಎಂಬುದಕ್ಕೆ ಮಾತ್ರ ನಾನು ಹೆಚ್ಚು ಯೋಚಿಸಲಿಲ್ಲ. ಶ್ರುತಿಗೂಡಿಸುವುದು ಎಂಬುದು ಸಂಗೀತದಲ್ಲೇ ಇರಲಿ. ಮಣ್ಣಿಗೂ ಕಬ್ಬಿಣಕ್ಕೂ ಬಳಸುವ ‘ಹದ’ ಇಲ್ಲಿಗೆ ಸಲೀಸಾಗಿ ಒಪ್ಪುತ್ತದೆ. ಮಿಶ್ರಣ ಹದವಾಗಿದೆ, ಹದಗೆಟ್ಟಿದೆ, ಹದಕ್ಕೆ ತರಬೇಕು ಎಂದು ಬರೆದದ್ದನ್ನು ತಮ್ಮನೂ ತಡೆಯಿಲ್ಲದೆ ಓದಿದ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ‘ಗಾಳಿ ಮಿಕ್ಕ’, ‘ಪೆಟ್ರೋಲು ಮಿಕ್ಕ’ ಎಂಬ ಪ್ರಯೋಗಗಳು ತಮ್ಮ ಕಿವಿಗೆ ಸಹಜವೆನಿಸುತ್ತವೆಯೇ? ಅವುಗಳನ್ನು ‘ಗಾಳಿಮಿಕ್ಕ’ ಎಂದು ಒಂದೇ ಪದವಾಗಿ ಕೂಡಿಸಿ ಬರೆಯುವುದು ಸಾಧುವೇ? ಮತ್ತು, ಯಂತ್ರದ ಒಂದು ಭಾಗವನ್ನು ಅದರ ಕೆಲಸದಿಂದ ಬಿಡಿಸುವುದು ಎಂಬ ಅರ್ಥ ಒಂದೇ ಕೊಡುವ, ‘ತೆಗೆ’ಯಂತೆ ಎರಡು ಕಡೆಗೂ ತಿರುಗದ ಕ್ರಿಯಾಪದವನ್ನು ತಮ್ಮಲ್ಲಿ ಯಾರಾದರೂ ಮನೆಯಲ್ಲೋ ಕೆಲಸದಲ್ಲೋ ಬಳಸುತ್ತಿದ್ದರೆ, ದಯವಿಟ್ಟು ಅದನ್ನು ಯಾವ ವಾಕ್ಯದಲ್ಲಿ ಬಳಸುತ್ತೀರೋ ಆ ವಾಕ್ಯದ ಸಮೇತ ತಿಳಿಸಬೇಕು.